ಹೆಗಲಿನೊಳಗಣ ಹೊಲಿಗೆ: ಒಂದು ಸಂವಾದ

ಹೆಗಲಿನ ಕೀಲಿನ ಸುತ್ತ ಹರಿದುಹೋದ ಸ್ನಾಯುರಜ್ಜುಗಳನ್ನು, ಚರ್ಮದಲ್ಲಿ ಮೂರು-ನಾಲ್ಕು ಸಣ್ಣ ರಂಧ್ರಗಳನ್ನಷ್ಟೇ ಮಾಡಿ, ಕ್ಯಾಮೆರಾ ತೋರಿಸುವ ಚಿತ್ರವನ್ನು ಪರದೆಯ ಮೇಲೆ ನೋಡುತ್ತ ಮೂಳೆಗೆ ಮರಳಿ ಹೊಲಿಯುವ ಶಸ್ತ್ರಚಿಕಿತ್ಸೆಯು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸವಾಗಿದೆ. ಅದರ ಕುರಿತು ಎರಡು ತಪ್ಪು ಎಣಿಕೆಗಳು ಜನರಲ್ಲಿ ಬೇರೂರಿವೆ: ರಂಧ್ರ ಚಿಕ್ಕದಾದ್ದರಿಂದ ಚಿಕಿತ್ಸೆಯೂ ಚಿಕ್ಕದೆಂಬುದು ಒಂದು, ಹರಿದದ್ದನ್ನೆಲ್ಲ ಹೊಲಿಯಲೇಬೇಕೆಂಬುದು ಇನ್ನೊಂದು. ಈ ಎರಡನ್ನೂ ಎದುರಿಗಿಟ್ಟುಕೊಂಡು ಇಬ್ಬರು ನಡೆಸಿದ ಮಾತುಕತೆ ಇದು. ಪೃಚ್ಛಕರು ವೈದ್ಯರಲ್ಲ, ಆದರೆ ವಿಷಯವನ್ನು ಓದಿಕೊಂಡವರು. ಉತ್ತರಿಸುವವರು ಹೆಗಲಿನ ಕೀಲನ್ನೇ ತಮ್ಮ ಕ್ಷೇತ್ರವಾಗಿಸಿಕೊಂಡ ಶಸ್ತ್ರವೈದ್ಯರು.

ಪೃಚ್ಛಕ: ಹರಿಯುವುದು ಯಾವುದು ಎಂಬುದು ಮೊದಲು ಸ್ಪಷ್ಟವಾಗಲಿ. ಎಂಆರ್‌ಐ ವರದಿಗಳಲ್ಲಿ ‘ರೊಟೇಟರ್ ಕಫ್’ ಎಂಬ ಮಾತು ಪದೇ ಪದೇ ಬರುತ್ತದೆ. ಅದು ಒಂದು ಸ್ನಾಯುವಿನ ಹೆಸರೋ, ಕೀಲಿನ ಒಂದು ಭಾಗದ ಹೆಸರೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ವೈದ್ಯ: ಅದು ನಾಲ್ಕು ಸ್ನಾಯುಗಳ ತುದಿಗಳು ಸೇರಿ ಆದ ಒಂದು ಪಟ್ಟಿ. ಬೆನ್ನಿನ ಮೇಲ್ಭಾಗದಲ್ಲಿ ತ್ರಿಕೋನಾಕಾರವಾಗಿ ಚಪ್ಪಟೆಯಾಗಿರುವ ಹೆಗಲೆಲುಬಿನಿಂದ ಈ ನಾಲ್ಕೂ ಹೊರಡುತ್ತವೆ: ಮೇಲಿನಿಂದ ಸುಪ್ರಾಸ್ಪೈನೇಟಸ್, ಹಿಂದಿನಿಂದ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮುಂದಿನಿಂದ ಸಬ್‌ಸ್ಕ್ಯಾಪುಲ್ಯಾರಿಸ್. ತೋಳುಮೂಳೆಯ ದುಂಡನೆಯ ತಲೆಯನ್ನು ಸಮೀಪಿಸುತ್ತಿದ್ದಂತೆ ಇವು ಮಾಂಸಲ ರೂಪವನ್ನು ಬಿಟ್ಟು ಬೆಳ್ಳಗಿನ, ಗಟ್ಟಿಯಾದ ನಾರಿನ ರಜ್ಜುಗಳಾಗಿ, ಒಂದರೊಡನೊಂದು ಹೆಣೆದುಕೊಂಡು, ಆ ತಲೆಯನ್ನು ಮೂರು ಕಡೆಗಳಿಂದ ತಬ್ಬಿಕೊಳ್ಳುತ್ತವೆ. ಸ್ನಾಯುರಜ್ಜು ಎಂದರೆ ಸ್ನಾಯುವಿನ ಎಳೆತವನ್ನು ಮೂಳೆಗೆ ದಾಟಿಸುವ ಭಾಗ. ಹರಿಯುವುದು ಬಹುಮಟ್ಟಿಗೆ ಅದೇ, ಅದೂ ಮೂಳೆಗೆ ಅಂಟಿಕೊಂಡಿರುವ ಜಾಗದ ಬಳಿಯಲ್ಲೇ. ನಾಲ್ಕರಲ್ಲಿ ಮೇಲಿನದಾದ ಸುಪ್ರಾಸ್ಪೈನೇಟಸ್‌ನ ರಜ್ಜು ಹೆಚ್ಚಾಗಿ ಹರಿಯುತ್ತದೆ.

ಪೃಚ್ಛಕ: ಅದು ಹರಿದರೆ ತೋಳೆತ್ತುವುದು ಕಷ್ಟವಾಗಲು ಕಾರಣವೇನು? ಹೆಗಲಿನ ಹೊರಗೆ ದಪ್ಪವಾಗಿ ಕಾಣುವ ಡೆಲ್ಟಾಯ್ಡ್ ಸ್ನಾಯು ಇವೆಲ್ಲಕ್ಕಿಂತ ಬಲಶಾಲಿಯಲ್ಲವೇ?

ವೈದ್ಯ: ಬಲಶಾಲಿ ನಿಜ, ಆದರೆ ಅದು ಎಳೆಯುವುದು ಮೇಲಕ್ಕೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಬಟ್ಟಲಿನೊಳಗೆ ಕೂತಿರುತ್ತದೆ. ಹೆಗಲಿನಲ್ಲಾದರೋ ತೋಳುಮೂಳೆಯ ತಲೆ ದೊಡ್ಡದು, ಅದನ್ನು ಹೊರಬೇಕಾದ ಗ್ಲೀನಾಯ್ಡ್ ಎಂಬ ಗುಳಿ ಚಿಕ್ಕದು ಮತ್ತು ಆಳವಿಲ್ಲದ್ದು, ಆದ್ದರಿಂದ ಶಾಲೆಯ ಆಟೋಟದ ದಿನ ಮಕ್ಕಳ ಚಮಚದ ಮೇಲೆ ಕೂತ ನಿಂಬೆಹಣ್ಣಿಗೆ ಎಷ್ಟು ಭದ್ರತೆಯಿರುತ್ತದೋ ಅಷ್ಟೇ ಭದ್ರತೆ ಈ ಕೀಲಿಗೆ ಮೂಳೆಗಳಿಂದ ದೊರೆಯುತ್ತದೆ. ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲುದಾದದ್ದು ಈ ಆಳವಿಲ್ಲದ ಗುಳಿಯಿಂದಲೇ. ಹಾಗೆ ತಿರುಗುವಾಗ ತಲೆಯನ್ನು ಗುಳಿಯ ನಡುವಿಗೆ ಒತ್ತಿ ಹಿಡಿಯುವ ಹೊಣೆ ರೊಟೇಟರ್ ಕಫ್‌ನದು. ಆ ಹಿಡಿತ ಸಡಿಲವಾದಾಗ ಡೆಲ್ಟಾಯ್ಡ್ ಎಷ್ಟು ಜೋರಾಗಿ ಎಳೆದರೂ ತೋಳು ಮೇಲೇಳುವ ಬದಲು ತೋಳುಮೂಳೆಯ ತಲೆಯೇ ಮೇಲಕ್ಕೆ ಜಾರಿ, ಹೆಗಲಿನ ಚಾವಣಿಯಾಗಿರುವ ಆಕ್ರೋಮಿಯನ್ ಎಂಬ ಚಾಚುಮೂಳೆಗೆ ತಗಲುತ್ತದೆ. ಹಾಗೆಂದು ಹರಿದವರೆಲ್ಲರಿಗೂ ತೋಳು ಏಳುವುದಿಲ್ಲವೆಂದಲ್ಲ. ಮುಂದಿನ ಮತ್ತು ಹಿಂದಿನ ರಜ್ಜುಗಳು ಗಟ್ಟಿಯಾಗಿದ್ದು ಪರಸ್ಪರ ತೂಗಿಕೊಂಡರೆ ಮೇಲಿನದು ಹರಿದಿದ್ದರೂ ತೋಳು ಸಲೀಸಾಗಿ ಏಳಬಹುದು, ಮತ್ತು ಮುಂದೆ ಚಿಕಿತ್ಸೆಯ ಮಾತು ಬಂದಾಗ ಇದು ನೆನಪಿನಲ್ಲಿರಬೇಕಾದ ಸಂಗತಿ.

ಪೃಚ್ಛಕ: ಹರಿಯುವುದು ಬಿದ್ದು ಪೆಟ್ಟಾದಾಗಲೇ, ಅಥವಾ ಸವೆದೇ?

ವೈದ್ಯ: ಎರಡೂ ಬಗೆಯಲ್ಲಿ. ಸ್ಕೂಟರಿನಿಂದ ಬಿದ್ದು ಕೈಯೂರಿದಾಗ, ಭಾರವನ್ನು ಏಕಾಏಕಿ ಎತ್ತಿದಾಗ ಅಥವಾ ನಡುವಯಸ್ಸು ದಾಟಿದವರ ಹೆಗಲು ತಪ್ಪಿದಾಗ ರಜ್ಜು ಒಮ್ಮೆಗೇ ಕಿತ್ತುಬರುವುದುಂಟು. ಆದರೆ ಹೆಚ್ಚಿನವು ವಯಸ್ಸಿನೊಂದಿಗೆ ಎಳೆಎಳೆಯಾಗಿ ಸವೆದು, ಯಾವ ದಿನ ಹರಿಯಿತೆಂಬುದೂ ತಿಳಿಯದಂತೆ ಹರಿಯುತ್ತವೆ. ಜಪಾನಿನ ಒಂದು ಹಳ್ಳಿಯ 664 ನಿವಾಸಿಗಳ ಹೆಗಲುಗಳನ್ನು ಅಲ್ಟ್ರಾಸೌಂಡ್ ಮೂಲಕ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸುಮಾರು 22% ಮಂದಿಯಲ್ಲಿ ಪೂರ್ಣದಪ್ಪದ ಸೀಳು, ಎಂದರೆ ರಜ್ಜುವಿನ ಮೇಲಿನಿಂದ ಕೆಳಗಿನವರೆಗೂ ಹಾದುಹೋದ ಸೀಳು, ಕಂಡುಬಂದಿತು. ಐವತ್ತರ ಕೆಳಗಿನವರಲ್ಲಿ ಅದು ಕಾಣಲೇ ಇಲ್ಲ. ಎಂಬತ್ತರ ಆಸುಪಾಸಿನವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚಿನವರಲ್ಲಿ ಇತ್ತು. ಸೀಳಿದ್ದವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಯಾವ ತೊಂದರೆಯೂ ಇರಲಿಲ್ಲ ಎಂಬುದು ಈ ಅಧ್ಯಯನದ ಬಹುಮುಖ್ಯ ಭಾಗ. ಅರವತ್ತು ದಾಟಿದವರ ಎಂಆರ್‌ಐ ವರದಿಯಲ್ಲಿ ಸೀಳು ಎಂದು ಬರೆದಿದ್ದರೆ ಅದು ರೋಗದ ಹೆಸರಾಗಿರಬಹುದು, ಕೂದಲು ನರೆತಂತೆ ವಯಸ್ಸಿನ ಗುರುತಷ್ಟೇ ಆಗಿರಲೂಬಹುದು. ಯಾವುದೆಂದು ಹೇಳಬೇಕಾದದ್ದು ರೋಗಿಯನ್ನು ಮುಟ್ಟಿ ನೋಡುವ ವೈದ್ಯರ ಕೈಯೇ ಹೊರತು ಚಿತ್ರವಲ್ಲ.

ಪೃಚ್ಛಕ: ಮಧುಮೇಹ ಇರುವವರಲ್ಲಿ ಹೆಗಲು ಬಿಗಿದು ಕೈ ಎತ್ತಲಾಗದ ತೊಂದರೆ ಬಹಳ ಕಾಣುತ್ತದೆ. ಅದೂ ಇದೇ ಆಗಿದ್ದೀತೇ?

ವೈದ್ಯ: ಅದು ಬೇರೆ; ‘ಫ್ರೋಜನ್ ಶೋಲ್ಡರ್’ ಎಂದು ಕರೆಯುವ ಆ ತೊಂದರೆಯಲ್ಲಿ ಕೀಲಿನ ಹೊದಿಕೆಯೇ ಉರಿಯೂತಗೊಂಡು ಕುಗ್ಗಿರುತ್ತದೆ. ಎರಡನ್ನೂ ಬೇರ್ಪಡಿಸುವ ಸರಳ ಪರೀಕ್ಷೆಯೊಂದಿದೆ: ರೋಗಿ ತಾನಾಗಿ ತೋಳನ್ನು ಎತ್ತಲಾರದಿದ್ದು, ಇನ್ನೊಬ್ಬರು ಹಿಡಿದೆತ್ತಿದಾಗ ಅದು ಪೂರ್ತಿ ಮೇಲಕ್ಕೆ ಹೋದರೆ ದೋಷ ರಜ್ಜುವಿನದಿರಬಹುದು, ಇನ್ನೊಬ್ಬರು ಎತ್ತಿದರೂ ತೋಳು ಅರ್ಧದಲ್ಲೇ ನಿಂತರೆ, ಅದರಲ್ಲೂ ಹೊರಕ್ಕೆ ತಿರುಗದಿದ್ದರೆ, ದೋಷ ಹೊದಿಕೆಯದು. ಬಿಗಿದ ಹೆಗಲು ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ಬಹುಮಟ್ಟಿಗೆ ಸಡಿಲುತ್ತದೆ, ಅದಕ್ಕೆ ಹೊಲಿಗೆಯ ಮಾತೇ ಇಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದ ನೋವು ಎರಡರಲ್ಲೂ ಇರುವುದರಿಂದ ನೋವಿನ ವರ್ಣನೆಯೊಂದರಿಂದಲೇ ತೀರ್ಮಾನಕ್ಕೆ ಬರುವುದು ಸಲ್ಲದು.

ಪೃಚ್ಛಕ: ಹಾಗಾದರೆ ಯಾರಿಗೆ ಶಸ್ತ್ರಚಿಕಿತ್ಸೆ ಬೇಕು, ಯಾರಿಗೆ ಬೇಡ?

ವೈದ್ಯ: ಪೆಟ್ಟಿನಿಂದ ಒಮ್ಮೆಗೇ ರಜ್ಜು ಕಿತ್ತು, ಅದುವರೆಗೆ ಸರಿಯಿದ್ದ ತೋಳು ಬಲ ಕಳೆದುಕೊಂಡಿದ್ದರೆ, ಅದರಲ್ಲೂ ದುಡಿಯುವ ವಯಸ್ಸಿನವರಲ್ಲಿ, ತಡಮಾಡದೆ ಹೊಲಿಯುವುದು ಲೇಸು. ಕಾರಣ ಸ್ನಾಯುವಿನ ಸ್ವಭಾವದಲ್ಲೇ ಇದೆ. ಮೂಳೆಯ ಹಿಡಿತ ತಪ್ಪಿದ ಸ್ನಾಯು ಹಿಂದಕ್ಕೆ ಸರಿದು ಕುಗ್ಗುತ್ತದೆ. ಎಳೆಯಲು ಏನೂ ಇಲ್ಲದ್ದರಿಂದ ಅದರ ಎಳೆಗಳು ಕ್ಷೀಣಿಸಿ, ಆ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಫ್ರಾನ್ಸಿನ ಗುಟಾಲಿಯೇ ಮತ್ತು ಸಂಗಡಿಗರು 1994ರಲ್ಲಿ ಸಿಟಿ ಸ್ಕ್ಯಾನ್ ಚಿತ್ರಗಳನ್ನು ನೋಡಿ ಈ ಕೊಬ್ಬಿನ ಪ್ರಮಾಣವನ್ನು ಸೊನ್ನೆಯಿಂದ ನಾಲ್ಕರವರೆಗಿನ ಹಂತಗಳಲ್ಲಿ ಗುರುತಿಸಿದರು. ಸ್ನಾಯುವಿನಲ್ಲಿ ಮಾಂಸದಷ್ಟೇ ಕೊಬ್ಬಿರುವ ಮೂರನೆಯ ಹಂತವನ್ನು ಮುಟ್ಟಿದ ಮೇಲೆ ರಜ್ಜುವನ್ನು ಎಷ್ಟು ಚೆನ್ನಾಗಿ ಹೊಲಿದರೂ ಸ್ನಾಯು ಹಳೆಯ ಬಲಕ್ಕೆ ಮರಳುವುದಿಲ್ಲವೆಂದು ಇಂದಿನ ಶಸ್ತ್ರವೈದ್ಯರು ಎಣಿಸುತ್ತಾರೆ. ಬಿದ್ದ ಮೇಲೆ ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲವೆಂದು ಸಮಾಧಾನಪಟ್ಟುಕೊಂಡು, ಎಣ್ಣೆ ತಿಕ್ಕಿಸಿಕೊಳ್ಳುತ್ತ ಆರೇಳು ತಿಂಗಳು ಕಳೆದು ಬರುವವರಲ್ಲಿ ಕೈತಪ್ಪಿ ಹೋಗಿರುವುದು ಈ ಸಮಯವೇ. ಎಕ್ಸ್‌ರೇ ರಜ್ಜುವನ್ನು ತೋರಿಸುವುದೇ ಇಲ್ಲ.

ಪೃಚ್ಛಕ: ಸವೆದು ಹರಿದವರ ಮಾತೇನು? ಸಂಖ್ಯೆಯಲ್ಲಿ ಅವರೇ ಹೆಚ್ಚಲ್ಲವೇ?

ವೈದ್ಯ: ಅವರಿಗೆ ಮೊದಲ ಚಿಕಿತ್ಸೆ ವ್ಯಾಯಾಮ, ಮತ್ತು ಇದನ್ನು ಒತ್ತಿ ಹೇಳಬೇಕಾಗಿದೆ. ಅಮೆರಿಕದ ಹಲವು ಆಸ್ಪತ್ರೆಗಳ ತಂಡವೊಂದು ಪೆಟ್ಟಿಲ್ಲದೆ ರಜ್ಜು ಹರಿದ 452 ಮಂದಿಗೆ ಫಿಸಿಯೋಥೆರಪಿಯನ್ನಷ್ಟೇ ಕೊಟ್ಟು ಎರಡು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡವರು ಕಾಲುಭಾಗಕ್ಕಿಂತ ಕಡಿಮೆ. ಫಿನ್ಲೆಂಡಿನಲ್ಲಿ 55 ದಾಟಿದವರ 180 ಹೆಗಲುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ವ್ಯಾಯಾಮದೊಂದಿಗೆ ಚಾಚುಮೂಳೆಯ ಹೆರೆತ, ಮತ್ತೊಂದಕ್ಕೆ ಇವೆರಡರ ಜೊತೆಗೆ ರಜ್ಜುವಿನ ಹೊಲಿಗೆ ಕೊಟ್ಟು ಹೋಲಿಸಿದಾಗ ಎರಡು ವರ್ಷಗಳ ಕೊನೆಯಲ್ಲೂ ರೋಗಿಗಳಿಗೆ ಅರಿವಾಗುವಂಥ ಅಂತರ ಕಾಣಲಿಲ್ಲ.

ಪೃಚ್ಛಕ: ಎರಡು ವರ್ಷ ಕಡಿಮೆ ಅವಧಿಯಲ್ಲವೇ? ಹೊಲಿಯದೆ ಬಿಟ್ಟ ಸೀಳು ಮುಂದೆ ಹಿಗ್ಗಿದರೆ ಹೊಣೆ ಯಾರದು?

ವೈದ್ಯ: ಆ ಪ್ರಶ್ನೆಗೆ ನಾರ್ವೆಯ ಅಧ್ಯಯನವೊಂದು ಉತ್ತರದ ಒಂದು ಭಾಗವನ್ನು ಕೊಡುತ್ತದೆ. ಮೂರು ಸೆಂಟಿಮೀಟರಿಗಿಂತ ಹೆಚ್ಚಿಲ್ಲದ ಸೀಳಿದ್ದ 103 ಮಂದಿಯನ್ನು ಹೊಲಿಗೆ ಮತ್ತು ವ್ಯಾಯಾಮ ಎಂದು ಎರಡು ಪಾಲು ಮಾಡಿ ಅಲ್ಲಿ ಹತ್ತು ವರ್ಷ ಹಿಂಬಾಲಿಸಲಾಯಿತು. ಮೊದಲ ವರ್ಷಗಳಲ್ಲಿ ಅಂತರ ಸಣ್ಣದಾಗಿದ್ದರೂ ಹತ್ತನೆಯ ವರ್ಷಕ್ಕೆ ಹೊಲಿಗೆ ಹಾಕಿಸಿಕೊಂಡವರ ಸ್ಥಿತಿ ಮೇಲಾಗಿತ್ತು, ವ್ಯಾಯಾಮದ ಗುಂಪಿನ ಹಲವರಲ್ಲಿ ಸೀಳು ಹಿಗ್ಗಿತ್ತು, ಅವರಲ್ಲಿ ಕೆಲವರು ನಡುವೆಯೇ ಶಸ್ತ್ರಚಿಕಿತ್ಸೆಗೆ ಬಂದಿದ್ದರು. ಅಲ್ಲಿ ಹೊಲಿದದ್ದು ಚರ್ಮವನ್ನು ಕೊಯ್ದು ತೆರೆಯುವ ಹಳೆಯ ವಿಧಾನದಿಂದ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ತೋರುವ ದಾರಿ ಇದು: ಎಪ್ಪತ್ತರ ವ್ಯಕ್ತಿಗೆ ವ್ಯಾಯಾಮದಿಂದ ನೋವು ಇಳಿದರೆ ಅಲ್ಲಿಗೆ ನಿಲ್ಲಿಸಬಹುದು, ಐವತ್ತೈದರ, ಇನ್ನೂ ದುಡಿಯಬೇಕಾದ ವ್ಯಕ್ತಿಗೆ ಮೂರು ತಿಂಗಳ ಕ್ರಮಬದ್ಧ ವ್ಯಾಯಾಮದ ನಂತರವೂ ಬಲ ಮರಳದಿದ್ದರೆ ಹೊಲಿಗೆಯ ಮಾತನ್ನು ಮುಂದೂಡುವುದು ಜಾಣತನವಲ್ಲ.

ಪೃಚ್ಛಕ: ಈ ಹೊಲಿಗೆಯ ಇತಿಹಾಸ ಎಲ್ಲಿಂದ ಆರಂಭವಾಗುತ್ತದೆ?

ವೈದ್ಯ: ಬಾಸ್ಟನ್ನಿನಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿನ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯ 1909ರಲ್ಲಿ ಹರಿದ ಸುಪ್ರಾಸ್ಪೈನೇಟಸ್ ರಜ್ಜುವನ್ನು ಹೊಲಿದು, 1911ರಲ್ಲಿ ಅದನ್ನು ವರದಿ ಮಾಡಿದ. 1934ರಲ್ಲಿ ಹೆಗಲಿಗೇ ಮೀಸಲಾದ ದೊಡ್ಡ ಗ್ರಂಥವನ್ನೂ ಪ್ರಕಟಿಸಿದ. ಆದರೆ ಆತನನ್ನು ನೆನೆಯಬೇಕಾದದ್ದು ಇನ್ನೊಂದು ಕಾರಣಕ್ಕೆ. ಪ್ರತಿ ರೋಗಿಯನ್ನೂ ಚಿಕಿತ್ಸೆಯ ನಂತರ ವರ್ಷಗಟ್ಟಲೆ ಹಿಂಬಾಲಿಸಿ, ಫಲ ದೊರೆಯಿತೋ ಇಲ್ಲವೋ, ದೊರೆಯದಿದ್ದರೆ ತಪ್ಪು ಎಲ್ಲಿ ನಡೆಯಿತು ಎಂಬುದನ್ನು ಆಸ್ಪತ್ರೆ ಬಹಿರಂಗಪಡಿಸಬೇಕೆಂದು ಆತ ಹಟ ಹಿಡಿದ. ತನ್ನ ಸ್ವಂತ ಸಣ್ಣ ಆಸ್ಪತ್ರೆಯಿಂದ 1911ರಿಂದ 1916ರವರೆಗೆ ಮನೆಗೆ ಹೋದ 337 ರೋಗಿಗಳ ಲೆಕ್ಕ ಕೊಟ್ಟು, ಅದರಲ್ಲಿ 123 ತಪ್ಪುಗಳನ್ನು ತಾನೇ ಎಣಿಸಿ ಅಚ್ಚು ಹಾಕಿಸಿದ. ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಇಂದು ಹೆಗಲಿನ ಹೊಲಿಗೆಯ ಕುರಿತು ನಡೆಯುವ ಹೋಲಿಕೆಯ ಅಧ್ಯಯನಗಳೆಲ್ಲ ಆ ಹಟದ ಮುಂದುವರಿಕೆಯೇ ಆಗಿವೆ.

ಪೃಚ್ಛಕ: ಕ್ಯಾಮೆರಾ ಬಂದದ್ದು?

ವೈದ್ಯ: ಅದು ಮಂಡಿಯಿಂದ ಹೆಗಲಿಗೆ ಬಂದದ್ದು. ಟೋಕಿಯೋದಲ್ಲಿ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶದೊಳಗನ್ನು ನೋಡುವ ನಳಿಕೆಯನ್ನು ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಮಂಡಿಯ ಕ್ಷಯದಿಂದ ಕೀಲು ಮಡಿಸಲಾಗದಂತಾದರೆ ನೆಲದ ಮೇಲೆ ಮಂಡಿ ಮಡಿಸಿ ಕೂರುವ ಜಪಾನೀಯರಿಗೆ ಬದುಕೇ ಕಷ್ಟವಾಗುತ್ತಿತ್ತು. ರೋಗವನ್ನು ಬೇಗ ಗುರುತಿಸುವ ಆಸೆ ಆ ಪ್ರಯೋಗದ ಹಿಂದಿತ್ತು. ಅವರ ಶಿಷ್ಯ ಮಸಾಕಿ ವತನಾಬೆ ಉಪಕರಣವನ್ನು ಪಳಗಿಸಿ 1962ರಲ್ಲಿ ಮಂಡಿಯಲ್ಲಿ ಹರಿದಿದ್ದ ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಮೆತ್ತೆಯನ್ನು ನಳಿಕೆಯ ಮೂಲಕವೇ ಕತ್ತರಿಸಿ ತೆಗೆದರು. ಹೆಗಲಿನಲ್ಲಿ ಮೊದಮೊದಲು ಒಳಗನ್ನು ನೋಡುವುದಷ್ಟೇ ನಡೆಯುತ್ತಿತ್ತು. ಮೂಳೆಯಲ್ಲಿ ನೆಡಬಲ್ಲ, ದಾರ ಪೋಣಿಸಿದ ಆಂಕರ್ ಎಂಬ ಪುಟ್ಟ ಮೊಳೆಗಳು 1980ರ ದಶಕದಲ್ಲಿ ಬಂದ ಮೇಲೆ, ಮುಂದಿನ ದಶಕದಲ್ಲಿ ಇಡೀ ಹೊಲಿಗೆಯನ್ನು ರಂಧ್ರಗಳ ಮೂಲಕವೇ ಮುಗಿಸುವುದು ಸಾಧ್ಯವಾಯಿತು. ಈ ಮಾದರಿಯ ಶಸ್ತ್ರಚಿಕಿತ್ಸೆಗೆ ಆರ್ತ್ರೋಸ್ಕೋಪಿ ಎಂದು ಹೆಸರು; ಕೀಹೋಲ್ ಎಂಬುದು ಆಡುಮಾತು.

ಪೃಚ್ಛಕ: ಶಸ್ತ್ರಚಿಕಿತ್ಸೆಯ ಕೊಠಡಿಯೊಳಗೆ ನಡೆಯುವುದನ್ನು ಕ್ರಮವಾಗಿ ವಿವರಿಸಬಹುದೇ?

ವೈದ್ಯ: ರೋಗಿಗೆ ಪೂರ್ಣ ಅರಿವಳಿಕೆ ಕೊಡುವುದರ ಜೊತೆಗೆ, ಕತ್ತಿನ ಬುಡದಲ್ಲಿ ತೋಳಿಗೆ ಹೋಗುವ ನರಗಳ ಗೊಂಚಲಿನ ಸುತ್ತ ಮರಗಟ್ಟಿಸುವ ಔಷಧವನ್ನು ಚುಚ್ಚುವ ರೂಢಿಯಿದೆ, ಅದರಿಂದ ಎಚ್ಚರಾದ ಮೇಲೂ ಹಲವು ಗಂಟೆ ನೋವಿರುವುದಿಲ್ಲ. ಆ ಔಷಧ ಪಕ್ಕದಲ್ಲೇ ಹಾದುಹೋಗುವ ವಪೆಯ ನರವನ್ನೂ ತಟ್ಟುವುದರಿಂದ, ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ಒಂದು ಮಗ್ಗುಲು ಅಷ್ಟು ಹೊತ್ತು ಕೆಲಸ ನಿಲ್ಲಿಸುತ್ತದೆ. ಗಟ್ಟಿಮುಟ್ಟಾದವರಿಗೆ ಇದು ಗೊತ್ತೇ ಆಗುವುದಿಲ್ಲ, ಆದರೆ ಶ್ವಾಸಕೋಶದ ಕಾಯಿಲೆ ಇರುವವರು ಇದನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸದಿದ್ದರೆ ಅಪಾಯವುಂಟು. ನಂತರ ರೋಗಿಯನ್ನು ಆರಾಮಕುರ್ಚಿಯಲ್ಲಿ ಒರಗಿದ ಭಂಗಿಯಲ್ಲಿ ಕೂರಿಸುತ್ತಾರೆ, ಇಲ್ಲವೇ ಮಗ್ಗುಲಾಗಿ ಮಲಗಿಸಿ ತೋಳನ್ನು ಭಾರಕಟ್ಟಿ ಎಳೆದಿಡುತ್ತಾರೆ.

ಹೆಗಲಿನ ಹಿಂಬದಿಯಲ್ಲಿ ಚಾಚುಮೂಳೆಯ ಮೂಲೆಯಿಂದ ಎರಡು ಸೆಂಟಿಮೀಟರಿನಷ್ಟು ಕೆಳಗೆ, ತುಸು ಒಳಕ್ಕೆ, ಬೆರಳಿಗೆ ಮೆತ್ತಗೆ ಸಿಗುವ ಜಾಗದಲ್ಲಿ ಮೊದಲ ರಂಧ್ರ ಮಾಡಿ, ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ, ತುದಿಯಲ್ಲಿ 30 ಡಿಗ್ರಿ ಓರೆನೋಟವಿರುವ ನಳಿಕೆಯನ್ನು ಕೀಲಿನೊಳಗೆ ಇಳಿಸುತ್ತಾರೆ. ಒಳಗೆ ಕಾಣಬೇಕಾದರೆ ಜಾಗ ಹಿಗ್ಗಬೇಕು, ಹಿಗ್ಗಲು ಉಪ್ಪುನೀರಿನ ದ್ರಾವಣವನ್ನು ಪಂಪಿನ ಮೂಲಕ ಒತ್ತಡದಲ್ಲಿ ಹರಿಸಬೇಕು. ಇಡೀ ಕೆಲಸದ ನಾಜೂಕು ಇಲ್ಲಿದೆ: ರಕ್ತದೊತ್ತಡ ನೀರಿನ ಒತ್ತಡವನ್ನು ಮೀರಿದರೆ ಸಣ್ಣ ರಕ್ತನಾಳಗಳು ಒಸರಿ ಪರದೆ ಕೆಂಪಾಗುತ್ತದೆ, ಶಸ್ತ್ರವೈದ್ಯರಿಗೆ ಏನೂ ಕಾಣುವುದಿಲ್ಲ, ನೀರಿನ ಒತ್ತಡ ಹೆಚ್ಚಿಸಿದರೆ ನೀರು ಸುತ್ತಲಿನ ಮಾಂಸಕ್ಕೆ ನುಗ್ಗಿ ಹೆಗಲು ಊದಿಕೊಳ್ಳುತ್ತದೆ, ರಕ್ತದೊತ್ತಡವನ್ನು ತೀರ ಇಳಿಸಿದರೆ, ಕೂತ ಭಂಗಿಯಲ್ಲಿ ಹೃದಯಕ್ಕಿಂತ ಮೇಲಿರುವ ಮೆದುಳಿಗೆ ರಕ್ತ ಸಾಲದೆ ಹೋಗಬಹುದು. ಈ ಮೂರನ್ನೂ ಒಂದು ಹದದಲ್ಲಿ ಹಿಡಿದಿಡುವುದರಲ್ಲಿ ಅರಿವಳಿಕೆ ವೈದ್ಯರ ಪಾಲು ಶಸ್ತ್ರವೈದ್ಯರ ಪಾಲಿಗಿಂತ ಕಡಿಮೆಯದಲ್ಲ, ಆದರೆ ರೋಗಿಗಳು ಬಂದು ಕೈಮುಗಿಯುವುದು ಮಾತ್ರ ಶಸ್ತ್ರವೈದ್ಯರಿಗೆ.

ಕೀಲಿನ ಒಳಗನ್ನು ನೋಡಿ ಮುಗಿದ ಮೇಲೆ ನಳಿಕೆಯನ್ನು ಚಾಚುಮೂಳೆಯ ಕೆಳಗಿನ ಜಾಗಕ್ಕೆ ಸರಿಸಿ, ಪಕ್ಕದ ಮತ್ತು ಮುಂದಿನ ರಂಧ್ರಗಳಿಂದ ಉಪಕರಣಗಳನ್ನು ತೂರಿಸಿ, ಉರಿಯೂತದಿಂದ ದಪ್ಪಗಾದ ಬರ್ಸಾ ಎಂಬ ಜಾರುಪೊರೆಯನ್ನು ತೆರವು ಮಾಡುತ್ತಾರೆ. ಹರಿದ ರಜ್ಜುವಿನ ಅಂಚನ್ನು ಚಿಮುಟದಲ್ಲಿ ಹಿಡಿದು ತನ್ನ ಜಾಗಕ್ಕೆ ಬರುತ್ತದೆಯೇ ಎಂದು ಎಳೆದು ನೋಡುವುದು ನಿರ್ಣಾಯಕ ಘಳಿಗೆ. ಸಲೀಸಾಗಿ ಬಂದರೆ ಸರಿ. ಬಾರದಿದ್ದರೆ ಸುತ್ತಲಿನ ಅಂಟುಗಳನ್ನು ಬಿಡಿಸಬೇಕು, ಏಕೆಂದರೆ ಬಲವಂತವಾಗಿ ಎಳೆದು ಬಿಗಿದ ರಜ್ಜು ಕೆಲವೇ ವಾರಗಳಲ್ಲಿ ಮತ್ತೆ ಬಿಡುತ್ತದೆ. ರಜ್ಜು ಮೊದಲು ಅಂಟಿಕೊಂಡಿದ್ದ ಮೂಳೆಯ ಉಬ್ಬನ್ನು ತುಸು ಕೆರೆದು, ರಕ್ತ ಒಸರುವಂತೆ ಮಾಡಿ, ಅದರಲ್ಲಿ ಐದು ಮಿಲಿಮೀಟರಿನ ಆಸುಪಾಸಿನ ಆಂಕರುಗಳನ್ನು ನೆಡುತ್ತಾರೆ. ಇವು ಲೋಹದವಿರಬಹುದು, ಗಟ್ಟಿ ಪ್ಲಾಸ್ಟಿಕ್ಕಿನವಿರಬಹುದು, ಕಾಲಕ್ರಮದಲ್ಲಿ ಕರಗುವ ವಸ್ತುವಿನವೂ ಇರಬಹುದು. ಅವುಗಳಿಂದ ಹೊರಡುವ ಪಾಲಿಎಥಿಲೀನ್ ದಾರಗಳನ್ನು ಒಂದೊಂದಾಗಿ ರಜ್ಜುವಿನ ಮೂಲಕ ತೂರಿಸಿ, ಹೊರಗಿನಿಂದಲೇ ಗಂಟು ಹಾಕಿ ಒಳಕ್ಕೆ ಜಾರಿಸಿ ಬಿಗಿಯುತ್ತಾರೆ. ಒಂದೇ ಸಾಲು ಆಂಕರ್ ಸಾಕೇ, ಎರಡು ಸಾಲು ಬೇಕೇ ಎಂಬುದು ಶಸ್ತ್ರವೈದ್ಯರ ಸಮ್ಮೇಳನಗಳಲ್ಲಿ ಮುಗಿಯದ ಚರ್ಚೆ: ಎರಡು ಸಾಲು ರಜ್ಜುವನ್ನು ಅಗಲವಾಗಿ ಮೂಳೆಗೆ ಒತ್ತಿ ಹಿಡಿಯುತ್ತದೆ, ದೊಡ್ಡ ಸೀಳುಗಳಲ್ಲಿ ಅದರಿಂದ ಪ್ರಯೋಜನವಿರುವಂತೆ ತೋರುತ್ತದೆ, ಸಣ್ಣ ಸೀಳುಗಳಲ್ಲಿ ಖರ್ಚು ಹೆಚ್ಚುವುದು ಮಾತ್ರ ಖಚಿತ.

ಪೃಚ್ಛಕ: ಚಾಚುಮೂಳೆಯನ್ನು ಹೆರೆಯುವ ಮಾತು ಆಗಲೇ ಬಂತು. ಅದೂ ಈ ಶಸ್ತ್ರಚಿಕಿತ್ಸೆಯ ಭಾಗವೇ?

ವೈದ್ಯ: ಬಹುಕಾಲ ಕಡ್ಡಾಯವೆಂಬಂತೆ ಮಾಡುತ್ತಿದ್ದರು. ನ್ಯೂಯಾರ್ಕಿನ ಚಾರ್ಲ್ಸ್ ನೀಯರ್ 1972ರಲ್ಲಿ ಮಂಡಿಸಿದ ವಾದದಂತೆ, ಚಾಚುಮೂಳೆಯ ಮುಂಚೂಣಿ ತೋಳೆತ್ತಿದಾಗಲೆಲ್ಲ ರಜ್ಜುವನ್ನು ಉಜ್ಜಿ ಸವೆಸುತ್ತದೆ, ಅದನ್ನು ಹೆರೆದರೆ ನೋವು ಹೋಗುತ್ತದೆ. ಕೇಳಲು ತರ್ಕಬದ್ಧವಾಗಿದ್ದ ಈ ವಾದದ ಬಲದಿಂದ ಲಕ್ಷಾಂತರ ಹೆಗಲುಗಳಲ್ಲಿ ಮೂಳೆ ಹೆರೆಯಲಾಯಿತು. ಕೊನೆಗೆ ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ, ರಜ್ಜು ಪೂರ್ತಿ ಹರಿಯದೆ ಹೆಗಲುನೋವಿದ್ದ 313 ರೋಗಿಗಳನ್ನು ಮೂರು ಪಾಲು ಮಾಡಿ, ಕೆಲವರಿಗೆ ಮೂಳೆ ಹೆರೆದು, ಕೆಲವರಿಗೆ ನಳಿಕೆ ಇಳಿಸಿ ನೋಡಿ ಏನೂ ಮಾಡದೆ ಹೊರತೆಗೆದು, ಉಳಿದವರಿಗೆ ಯಾವ ಚಿಕಿತ್ಸೆಯನ್ನೂ ಕೊಡದೆ ಹೋಲಿಸಿದಾಗ, ಹೆರೆದವರಿಗೂ ಬರಿದೆ ನೋಡಿ ಬಂದವರಿಗೂ ವ್ಯತ್ಯಾಸವೇ ಕಾಣಲಿಲ್ಲ; ಚಿಕಿತ್ಸೆಯೇ ಇಲ್ಲದವರಿಗಿಂತ ಇಬ್ಬರೂ ಮೇಲಾದದ್ದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2018ರಲ್ಲಿ ಅಚ್ಚಾಯಿತು. ಈಗಲೂ ನೋವಿಗಾಗಿ ಬರೀ ಮೂಳೆ ಹೆರೆಯುವ ಸಲಹೆ ಬಂದರೆ ರೋಗಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಪೃಚ್ಛಕ: ಕೊಯ್ದು ತೆರೆಯುವ ವಿಧಾನಕ್ಕಿಂತ ರಂಧ್ರದ ವಿಧಾನ ಮೇಲೆಂಬುದಾದರೂ ಸಿದ್ಧವಾಗಿದೆಯೇ?

ವೈದ್ಯ: ಕೊನೆಯ ಫಲದಲ್ಲಿ ಇಲ್ಲ. ಬ್ರಿಟನ್ನಿನಲ್ಲೇ ಐವತ್ತು ದಾಟಿದ 273 ಮಂದಿಯಲ್ಲಿ ಎರಡೂ ವಿಧಾನಗಳನ್ನು ಹೋಲಿಸಿದಾಗ ಎರಡು ವರ್ಷಗಳ ನಂತರ ನೋವಿನಲ್ಲಾಗಲಿ ತೋಳಿನ ಬಳಕೆಯಲ್ಲಾಗಲಿ ಅಂತರವಿರಲಿಲ್ಲ. ರಂಧ್ರದ ವಿಧಾನದಲ್ಲಿ ಡೆಲ್ಟಾಯ್ಡ್ ಸ್ನಾಯುವಿಗೆ ಗಾಯವಾಗುವುದಿಲ್ಲ, ಸೋಂಕು ಅಪರೂಪ, ಕೀಲಿನ ಒಳಗೂ ಹೊರಗೂ ನೋಡಲು ಸಾಧ್ಯ. ಇವು ನಿಜವಾದ ಲಾಭಗಳು. ಆದರೆ ಒಳಗಿನ ರಜ್ಜುವಿಗೆ ಹೊರಗಿನ ಚರ್ಮದ ಗಾಯ ಎಷ್ಟು ಉದ್ದವೆಂಬುದರ ಅರಿವಿಲ್ಲ, ಅದು ಮಾಯುವುದಕ್ಕೆ ತೆಗೆದುಕೊಳ್ಳುವ ಕಾಲ ಎರಡರಲ್ಲೂ ಒಂದೇ. ರಂಧ್ರದ ಹೊಲಿಗೆಯನ್ನು ಹತ್ತು ಹನ್ನೆರಡು ದಿನಗಳಲ್ಲಿ ಬಿಚ್ಚಿದೊಡನೆ ಎಲ್ಲವೂ ಮುಗಿಯಿತೆಂದು ತಿಳಿದು ತೋಳನ್ನು ಬಳಸತೊಡಗುವವರಿಗೆ ಆ ಚಿಕ್ಕ ಗಾಯವೇ ಶತ್ರುವಾಗುತ್ತದೆ.

ಪೃಚ್ಛಕ: ಹೊಲಿದದ್ದು ಮತ್ತೆ ಹರಿಯುವುದು ಎಷ್ಟರ ಮಟ್ಟಿಗೆ ನಿಜ?

ವೈದ್ಯ: ಮುಚ್ಚಿಡುವಂಥದ್ದಲ್ಲ. ಈಗ ಹೇಳಿದ ಬ್ರಿಟಿಷ್ ಅಧ್ಯಯನದಲ್ಲೇ ಚಿತ್ರ ತೆಗೆದು ನೋಡಿದಾಗ, ಎರಡೂ ವಿಧಾನಗಳನ್ನು ಸೇರಿಸಿ, ಸರಿಸುಮಾರು ಐದರಲ್ಲಿ ಎರಡು ಹೊಲಿಗೆಗಳು ಬಿಟ್ಟಿದ್ದವು. ಅಮೆರಿಕದ ಇನ್ನೊಂದು ವರದಿ 2004ರದು: ದೊಡ್ಡ ಮತ್ತು ಬೃಹತ್ ಸೀಳುಗಳನ್ನು ರಂಧ್ರದ ವಿಧಾನದಿಂದ ಹೊಲಿದ 18 ಹೆಗಲುಗಳಲ್ಲಿ 17ರಲ್ಲಿ ರಜ್ಜು ಮತ್ತೆ ಹರಿದಿತ್ತು. ವಿಚಿತ್ರವೆಂದರೆ ಆ ರೋಗಿಗಳಲ್ಲಿ ಹೆಚ್ಚಿನವರು ಒಂದು ವರ್ಷದ ಹೊತ್ತಿಗೆ ನೋವು ಇಳಿದು ಸಮಾಧಾನದಿಂದಿದ್ದರು.

ಪೃಚ್ಛಕ: ಹೊಲಿಗೆ ಬಿಟ್ಟರೂ ನೋವು ಇಳಿಯುವುದಾದರೆ ಹೊಲಿದದ್ದಾದರೂ ಏಕೆ ಎಂಬ ಪ್ರಶ್ನೆ ಏಳುವುದಿಲ್ಲವೇ?

ವೈದ್ಯ: ಏಳಲೇಬೇಕು, ಮತ್ತು ಅದಕ್ಕೆ ಪೂರ್ಣ ತೃಪ್ತಿಕರವಾದ ಉತ್ತರ ಶಸ್ತ್ರವೈದ್ಯರ ಬಳಿ ಇಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಉರಿಯೂತದ ಪೊರೆಯನ್ನು ತೆಗೆದದ್ದು, ವಾರಗಟ್ಟಲೆ ತೋಳಿಗೆ ವಿಶ್ರಾಂತಿ ದೊರೆತದ್ದು, ನಂತರದ ಕ್ರಮಬದ್ಧ ವ್ಯಾಯಾಮ, ಹೊಲಿಗೆಯ ಒಂದಂಶವಾದರೂ ಉಳಿದು ಮುಂದಿನ ಮತ್ತು ಹಿಂದಿನ ರಜ್ಜುಗಳ ಸಮತೂಕ ಮರಳಿದ್ದು, ಚಿಕಿತ್ಸೆ ಆಯಿತೆಂಬ ನಂಬಿಕೆ, ಇವೆಲ್ಲದರ ಪಾಲೂ ಆ ಸಮಾಧಾನದಲ್ಲಿ ಇದ್ದೀತು. ಆದರೆ ಬಲದ ವಿಷಯ ಬೇರೆ: ರಜ್ಜು ನಿಜವಾಗಿ ಮೂಳೆಗೆ ಕೂಡಿಕೊಂಡವರ ತೋಳಿನ ಬಲ ಕೂಡಿಕೊಳ್ಳದವರಿಗಿಂತ ಹೆಚ್ಚೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನೋವಷ್ಟೇ ಇದ್ದು ಬಲ ಸಾಕಷ್ಟಿರುವವರಿಗೆ ಹೊಲಿಗೆಯ ಅವಸರ ಬೇಡವೆಂಬ ಮಾತು ಇದರಿಂದಲೇ ಹುಟ್ಟುತ್ತದೆ.

ಪೃಚ್ಛಕ: ಕೂಡಿಕೊಳ್ಳುವುದು ಅಷ್ಟು ಕಷ್ಟವೇಕೆ? ಮುರಿದ ಮೂಳೆ ಕೂಡುತ್ತದೆ, ಕೊಯ್ದ ಚರ್ಮ ಕೂಡುತ್ತದೆ.

ವೈದ್ಯ: ಮೂಳೆ ಮೂಳೆಯೊಡನೆ, ಚರ್ಮ ಚರ್ಮದೊಡನೆ ಕೂಡುತ್ತದೆ, ಇಲ್ಲಿ ಮೃದುವಾದ ನಾರು ಗಟ್ಟಿ ಮೂಳೆಯೊಡನೆ ಕೂಡಬೇಕು. ಹುಟ್ಟಿನಿಂದ ಬಂದ ಬೆಸುಗೆಯಲ್ಲಿ ರಜ್ಜು, ನಾರುಮೃದ್ವಸ್ಥಿ, ಸುಣ್ಣ ತುಂಬಿದ ನಾರುಮೃದ್ವಸ್ಥಿ, ಮೂಳೆ ಎಂಬ ನಾಲ್ಕು ಪದರಗಳು ಒಂದರೊಳಗೊಂದು ಕರಗಿಕೊಂಡಂತಿದ್ದು, ಎಳೆತವನ್ನು ಮೆಲ್ಲಮೆಲ್ಲನೆ ದಾಟಿಸುತ್ತವೆ. ಒಮ್ಮೆ ಹರಿದ ಮೇಲೆ ಆ ನಾಲ್ಕು ಪದರಗಳು ಮರಳಿ ಹುಟ್ಟುವುದಿಲ್ಲ. ನಡುವೆ ಬೆಳೆಯುವುದು ಗಾಯದ ಕಲೆಯ ಅಂಗಾಂಶ, ಅದು ಮೂಲದಷ್ಟು ಗಟ್ಟಿಯಲ್ಲ. ಶಸ್ತ್ರವೈದ್ಯರು ಹಾಕುವ ದಾರದ ಕೆಲಸ ಆ ಕಲೆ ಬಲಿಯುವವರೆಗೆ ರಜ್ಜುವನ್ನು ಮೂಳೆಯ ಮೈಮೇಲೆ ಅಲುಗದಂತೆ ಹಿಡಿದಿಡುವುದಷ್ಟೇ. ಮುಂದಿನದೆಲ್ಲ ದೇಹದ್ದು. ವಯಸ್ಸು, ಸೀಳಿನ ಅಗಲ, ಸ್ನಾಯುವಿನಲ್ಲಿ ತುಂಬಿದ ಕೊಬ್ಬು, ಹತೋಟಿಯಲ್ಲಿಲ್ಲದ ಮಧುಮೇಹ, ಬೀಡಿ-ಸಿಗರೇಟು, ಇವು ಆ ಮಾಯುವಿಕೆಯನ್ನು ಕೆಡಿಸುತ್ತವೆ. ಮರುಸೀಳುಗಳಲ್ಲಿ ಹೆಚ್ಚಿನವು ಮೊದಲ ಮೂರರಿಂದ ಆರು ತಿಂಗಳೊಳಗೇ ಆಗುತ್ತವೆ.

ಪೃಚ್ಛಕ: ಆ ತಿಂಗಳುಗಳನ್ನು ರೋಗಿ ಹೇಗೆ ಕಳೆಯಬೇಕು?

ವೈದ್ಯ: ನಾಲ್ಕರಿಂದ ಆರು ವಾರ ತೋಳು ಜೋಲಿಪಟ್ಟಿಯಲ್ಲಿ, ಮೈಯಿಂದ ತುಸು ದೂರವಿರುವಂತೆ ದಿಂಬಿನ ಆಸರೆಯಲ್ಲಿ ಇರಬೇಕು, ನಿದ್ದೆಯಲ್ಲೂ ತೆಗೆಯುವಂತಿಲ್ಲ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಹೆಗಲನ್ನು ಮಾತ್ರ ತನ್ನ ಬಲದಿಂದ ಎತ್ತದೆ, ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ತೂಗುವ, ಕಾಡ್‌ಮನ್ ಹೆಸರಿನಿಂದಲೇ ಇಂದಿಗೂ ಕರೆಯುವ ವ್ಯಾಯಾಮವನ್ನೋ, ಫಿಸಿಯೋಥೆರಪಿಸ್ಟ್ ಹಿಡಿದೆತ್ತುವ ವ್ಯಾಯಾಮವನ್ನೋ ವೈದ್ಯರು ಹೇಳಿದಾಗ ಆರಂಭಿಸಬೇಕು. ತನ್ನ ಬಲದಿಂದ ಎತ್ತುವುದು ಆರು ವಾರದ ನಂತರ, ಭಾರ ಹಾಕಿ ಬಲ ಕೂಡಿಸುವುದು ಮೂರು ತಿಂಗಳ ನಂತರ, ಗದ್ದೆ ಕೆಲಸ, ಮೂಟೆ ಹೊರುವುದು ಮತ್ತು ಆಟಗಳು ಆರು ತಿಂಗಳಿಗೆ ಮೊದಲಿಲ್ಲ. ತಲೆ ಬಾಚುವುದು, ರವಿಕೆಯ ಗುಂಡಿ ಹಾಕಿಕೊಳ್ಳುವುದು, ಅಟ್ಟದ ಡಬ್ಬಿ ಇಳಿಸುವುದು, ಬಸ್ಸಿನ ಕಂಬಿ ಹಿಡಿದು ನಿಲ್ಲುವುದು, ಇಂಥವುಗಳನ್ನು ಯಾವಾಗ ಮಾಡಬಹುದೆಂದು ಒಂದೊಂದನ್ನೂ ಹೆಸರು ಹಿಡಿದು ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೊಲಿಗೆ ಬಿಡುವುದು ಹೆಚ್ಚಾಗಿ ಇಂಥ ಮರೆತ ಕ್ಷಣಗಳಲ್ಲೇ. ಇಷ್ಟು ದಿನ ಅಲುಗಿಸದಿದ್ದರೆ ಕೀಲು ಬಿಗಿಯುವುದಿಲ್ಲವೇ ಎಂಬ ಭಯ ಸಹಜ. ತುಸು ಬಿಗಿಯುವುದುಂಟು, ಆದರೆ ಬಿಗಿದದ್ದು ವರ್ಷದೊಳಗೆ ಬಹುತೇಕ ಸಡಿಲುತ್ತದೆ, ಮತ್ತೆ ಹರಿದದ್ದು ತಾನಾಗಿ ಕೂಡುವುದಿಲ್ಲ.

ಪೃಚ್ಛಕ: ಹೊಲಿಯಲಾಗದಷ್ಟು ಹರಿದವರಿಗೆ?

ವೈದ್ಯ: ಅವರಿಗೂ ದಾರಿಗಳಿವೆ. ಸಾಧ್ಯವಾದಷ್ಟನ್ನೇ ಹೊಲಿಯುವುದು, ಬೆನ್ನಿನ ಸ್ನಾಯುವೊಂದನ್ನು ತಂದು ಜೋಡಿಸುವುದು, ಜಪಾನಿನ ಮಿಹಾಟಾ ರೂಪಿಸಿದಂತೆ ತೊಡೆಯ ಪೊರೆಯಿಂದ ಮೇಲ್ಭಾಗವನ್ನು ಮುಚ್ಚುವುದು. ವಯಸ್ಸಾದವರಿಗೆ, ಫ್ರಾನ್ಸಿನ ಪಾಲ್ ಗ್ರಾಮೋಂ 1980ರ ದಶಕದಲ್ಲಿ ರೂಪಿಸಿದ, ಗುಂಡು ಮತ್ತು ಗುಳಿಗಳ ಸ್ಥಾನವನ್ನೇ ಅದಲುಬದಲು ಮಾಡಿ ಡೆಲ್ಟಾಯ್ಡ್ ಒಂದರಿಂದಲೇ ತೋಳೆತ್ತುವಂತೆ ಮಾಡುವ ಕೃತಕ ಕೀಲು ಬಹಳಷ್ಟು ನೆರವಾಗಿದೆ. ಹೆಗಲಿನೊಳಗೆ ಬಲೂನು ಇಡುವ ಹೊಸ ಉಪಾಯವೊಂದಕ್ಕೆ ಸಾಕಷ್ಟು ಪ್ರಚಾರ ಸಿಕ್ಕಿತ್ತು. 2022ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ ಬಲೂನು ಇಡದವರೇ ಮೇಲಾಗಿದ್ದರು.

ಪೃಚ್ಛಕ: ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮುನ್ನ ರೋಗಿ ಮಾಡಬೇಕಾದದ್ದು ಏನಾದರೂ ಉಳಿದಿದೆಯೇ?

ವೈದ್ಯ: ಉಳಿದಿದೆ, ಮತ್ತು ಅದು ಶಸ್ತ್ರವೈದ್ಯರ ಕೈಯಲ್ಲಿಲ್ಲದ್ದು. ಶಸ್ತ್ರಚಿಕಿತ್ಸೆಗೆ ಮುಂಚಿನ ಒಂದು ತಿಂಗಳಲ್ಲಿ ಹೆಗಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಳ್ಳಬಾರದು, ಅದರಿಂದ ಸೋಂಕಿನ ಸಂಭವ ಹೆಚ್ಚುತ್ತದೆ. ಧೂಮಪಾನ ನಿಲ್ಲಿಸಬೇಕು, ಸಕ್ಕರೆಯನ್ನು ಹತೋಟಿಗೆ ತರಬೇಕು. ತನ್ನ ಸೀಳು ಎಷ್ಟು ಅಗಲ, ಸ್ನಾಯುವಿನಲ್ಲಿ ಕೊಬ್ಬು ಎಷ್ಟು ತುಂಬಿದೆ, ಅದು ಕೂಡಿಕೊಳ್ಳುವ ಸಂಭವ ಎಷ್ಟು, ಹೊಲಿಯದೆ ಬಿಟ್ಟರೆ ಏನಾದೀತು ಎಂದು ವೈದ್ಯರನ್ನು ನೇರವಾಗಿ ಕೇಳಬೇಕು. ರಂಧ್ರಗಳೆಷ್ಟು, ಆಂಕರ್ ಯಾವ ಕಂಪನಿಯದು ಎಂಬ ವಿಚಾರಣೆ ಆಮೇಲೆ ಸಾಕು. ಅದಕ್ಕೂ ಮೊದಲು ಮನೆಯಲ್ಲಿ ಕೂತು, ಆರು ವಾರ ಒಂದೇ ಕೈಯಲ್ಲಿ ಇರುವಾಗ ಸ್ನಾನಕ್ಕೆ, ಅಡುಗೆಗೆ, ಓಡಾಟಕ್ಕೆ ನೆರವಾಗುವವರು ಯಾರೆಂದು ಗೊತ್ತುಮಾಡಿಕೊಳ್ಳಬೇಕು. ಸವೆದು ಹರಿದ ರಜ್ಜುವಾದರೆ ಆ ಏರ್ಪಾಡು ಆಗುವವರೆಗೆ ಶಸ್ತ್ರಚಿಕಿತ್ಸೆಯನ್ನು ಒಂದೆರಡು ತಿಂಗಳು ಮುಂದಕ್ಕೆ ಹಾಕುವುದರಿಂದ ನಷ್ಟವಿಲ್ಲ. ಪೆಟ್ಟಿನಿಂದ ಕಿತ್ತದ್ದಾದರೆ ನೆಂಟರಿಷ್ಟರನ್ನು ಕರೆಸಿಕೊಂಡಾದರೂ ಆ ಏರ್ಪಾಡನ್ನು ಕೂಡಲೇ ಮಾಡಿಕೊಂಡು ಬರಬೇಕು.